ಎರಡು ಅಂಕಣದ ಲೆಡ್ಜರಿನಲ್ಲಿ ರಮೇಶಚಂದ್ರ ದತ್ತ: ನನ್ನ ಅನುಭವ

ಕಂದಾಯ ಇಲಾಖೆಯಲ್ಲಿ 34 ವರ್ಷ ಸವೆಸಿದವನಿಗೆ ಜೀವನಚರಿತ್ರೆ ಬರೆಯಲು ಬರುವುದಿಲ್ಲ, ಮಹಜರು ಬರೆಯಲು ಬರುತ್ತದೆ. ಚೆಕ್ಕುಬಂದಿ ನಮೂದಿಸಿ, ಪಂಚರ ಸಹಿ ಹಾಕಿಸಿ, ಓದಿ ಹೇಳಿದೆ ಸರಿ ಇದೆ ಎಂದು ಷರಾ ಬರೆದರೆ ಮುಗಿಯಿತು. ಗ್ರಾಮಲೆಕ್ಕಿಗನಾಗಿ ಸೇರಿ ಶಿರಸ್ತೇದಾರನಾಗಿ ಹೊರಬಂದ ನಾನು ರಮೇಶಚಂದ್ರ ದತ್ತರ ಬಗ್ಗೆ ಅರವತ್ತು ಪುಟ ಬರೆದೆ ಎಂದರೆ ನನ್ನ ಹಳೆಯ ಸಹೋದ್ಯೋಗಿಗಳೇ ನಂಬುವುದಿಲ್ಲ. ಹೇಗೆ ಬರೆದೆ, ಎಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಹೇಳುತ್ತೇನೆ. ನನ್ನಂತೆಯೇ ತಡವಾಗಿ ಪೆನ್ನು ಹಿಡಿದ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ನಮ್ಮೂರಿನಲ್ಲಿ ನಿವೃತ್ತರು ತಿಂಗಳಿಗೊಮ್ಮೆ ಸೇರುತ್ತೇವೆ. ಪ್ರತಿ ಸಲ ಒಬ್ಬರು ಒಬ್ಬ ಆಡಳಿತಗಾರನ ಬಗ್ಗೆ ಮಾತನಾಡಬೇಕು. ನನ್ನ ಸರದಿ ಬರುವ ಹೊತ್ತಿಗೆ ವಿಶ್ವೇಶ್ವರಯ್ಯ, ಶೇಷಾದ್ರಿ ಅಯ್ಯರ್, ಮಿರ್ಜಾ ಎಲ್ಲರೂ ಖರ್ಚಾಗಿದ್ದರು. ಮಗಳ ಪಿಯುಸಿ ಇತಿಹಾಸದ ನೋಟ್ಸಿನಲ್ಲಿ ಸಂಪತ್ತಿನ ಸೋರಿಕೆಯ ಸಿದ್ಧಾಂತ (ಭಾರತದ ಹಣ ಇಂಗ್ಲೆಂಡಿಗೆ ಹರಿದುಹೋಗುತ್ತಿದೆ ಎಂಬ ವಾದ) ಹೇಳಿದವರು ಎಂದು ದಾದಾಭಾಯಿ ನವರೋಜಿಯವರ ಪಕ್ಕದಲ್ಲಿ ಆರ್. ಸಿ. ದತ್ತ ಎಂಬ ಹೆಸರು ಬಾಲಂಗೋಚಿಯ ಹಾಗೆ ಅಂಟಿಕೊಂಡಿದ್ದುದು ನೆನಪಿತ್ತು. ಯಾರೋ ಅರ್ಥಶಾಸ್ತ್ರದ ಪ್ರಾಧ್ಯಾಪಕರಿರಬೇಕು ಎಂದುಕೊಂಡಿದ್ದೆ. ಹುಡುಕಿದರೆ ಅವರು ಕಲೆಕ್ಟರು! ನಮ್ಮ ಇಲಾಖೆಯವರು! ಬಂಗಾಳದಲ್ಲಿ 26 ವರ್ಷ ಸಬ್‌ಡಿವಿಷನ್, ಜಿಲ್ಲೆ, ವಿಭಾಗ ಎಂದು ತಿರುಗಿದವರು. ಜಮೀನಿನ ಕಂದಾಯದ ಬಗ್ಗೆ ವೈಸ್‌ರಾಯ್ ಕರ್ಜನ್ನನೊಂದಿಗೆ ವಾದಕ್ಕೆ ನಿಂತವರು. ಅಂದೇ ನಿಶ್ಚಯ ಮಾಡಿಬಿಟ್ಟೆ.

ಮೊದಲ ಕರಡು ಹನ್ನೊಂದು ಪುಟ ಬಂತು. ಅದನ್ನು ಹರಿದು ಹಾಕಿದ್ದೇನೆ, ಆದರೂ ಅದರ ತಪ್ಪೇನು ಎಂದು ಹೇಳಬೇಕು. ಅದರಲ್ಲಿ ದತ್ತರು ಬ್ರಿಟಿಷರ ಕೋಟೆಯೊಳಗೆ ನುಗ್ಗಿದ ಗುಪ್ತಚರನಂತಿದ್ದರು. ಮನಸ್ಸಿನಲ್ಲಿ ಕಿಚ್ಚಿಟ್ಟುಕೊಂಡು ಹೊರಗೆ ಸಲಾಮು ಹೊಡೆಯುತ್ತ, ಸಮಯ ಬಂದಾಗ ‘ರಾಜೀನಾಮೆ ಎಸೆದು’ ಸಿಡಿದೆದ್ದ ವೀರ. ಓದಲು ಚೆನ್ನಾಗಿಯೇ ಇತ್ತು. ಆದರೆ ಅವರು ರಾಜೀನಾಮೆ ಎಸೆಯಲೇ ಇಲ್ಲ. 1897ರಲ್ಲಿ, 49ನೆಯ ವಯಸ್ಸಿನಲ್ಲಿ, ಸೇವಾವಧಿ ಮುಗಿಸಿ ಕ್ರಮಬದ್ಧವಾಗಿ ನಿವೃತ್ತರಾದರು. ಅದಕ್ಕೆ ಐದು ವರ್ಷ ಮೊದಲು ಬ್ರಿಟಿಷ್ ಸರ್ಕಾರ ಕೊಟ್ಟ ಸಿ.ಐ.ಇ. (ಕಂಪ್ಯಾನಿಯನ್ ಆಫ್ ದಿ ಇಂಡಿಯನ್ ಎಂಪೈರ್) ಬಿರುದನ್ನು ಎದೆಗೆ ಧರಿಸಿದ್ದರು. ನನಗೆ ಬೇಕಾದ ದತ್ತರನ್ನು ನಾನು ಬರೆದಿದ್ದೆ, ಇದ್ದ ದತ್ತರನ್ನಲ್ಲ. ಪರಿಶೀಲನೆಗೆ ಸ್ಥಳಕ್ಕೇ ಹೋಗದೆ ಕಚೇರಿಯಲ್ಲಿ ಕುಳಿತು ಮಹಜರು ಬರೆದ ಹಾಗೆ.

ಆಮೇಲೆ ನನಗೆ ಗೊತ್ತಿದ್ದ ವಿದ್ಯೆಗೇ ಮರಳಿದೆ. ಅಂಗಡಿಯಿಂದ ಉದ್ದನೆಯ ಲೆಡ್ಜರ್ ತಂದು ನಡುವೆ ಗೆರೆ ಎಳೆದೆ. ಎಡಗಡೆ ಹುದ್ದೆ: ವರ್ಷ, ಊರು, ಅಧಿಕಾರ. ಬಲಗಡೆ ಬರೆಹ: ಅದೇ ವರ್ಷ ಅವರು ಏನು ಬರೆದರು, ಏನು ಹೇಳಿದರು. ಎರಡರ ನಡುವೆ ಏನು ಸಂಬಂಧ ಎಂದು ನಾನಾಗಿ ಬರೆಯುವುದಿಲ್ಲ, ಸಾಲುಗಳೇ ಹೇಳಲಿ ಎಂದು ಬಿಟ್ಟೆ. ಮಾಹಿತಿಗೆ ಮುಖ್ಯ ಆಧಾರ ಅವರ ಅಳಿಯ ಜೆ. ಎನ್. ಗುಪ್ತ 1911ರಲ್ಲಿ ಪ್ರಕಟಿಸಿದ ಜೀವನಚರಿತ್ರೆ. ಅಳಿಯನೂ ಸಿವಿಲ್ ಸರ್ವಿಸಿನವನೇ. ಆದ್ದರಿಂದ ಅದರಲ್ಲಿ ವರ್ಗಾವಣೆಯ ವಿವರಗಳು ಸೊಗಸಾಗಿವೆ, ಮಾವನ ದೋಷಗಳು ಮಾತ್ರ ಸಿಗುವುದಿಲ್ಲ.

ಎಡ ಅಂಕಣದ ಮೊದಲ ಸಾಲು ಅವರದಲ್ಲ, ಅವರ ತಂದೆಯದು. ಈಶಾನಚಂದ್ರ ದತ್ತರು ಡೆಪ್ಯುಟಿ ಕಲೆಕ್ಟರಾಗಿದ್ದರು. ಬಂಗಾಳದ ಊರೂರು ಸುತ್ತುವ ಕೆಲಸ. 1861ರಲ್ಲಿ ಪ್ರವಾಸದಲ್ಲಿದ್ದಾಗ ದೋಣಿ ದುರಂತದಲ್ಲಿ ತೀರಿಕೊಂಡರು. ಹುಡುಗನಿಗೆ ಆಗ ಹದಿಮೂರೂ ತುಂಬಿರಲಿಲ್ಲ. ತಂದೆಯ ಜೊತೆ ಕ್ಯಾಂಪಿನಿಂದ ಕ್ಯಾಂಪಿಗೆ ಅಲೆದ ಮಕ್ಕಳಿಗೆ ಹಳ್ಳಿಯ ಪರಿಚಯ ಬೇರೆಯೇ ರೀತಿಯಲ್ಲಿ ಆಗುತ್ತದೆ. ಇದು ಮಾತ್ರ ನನ್ನ ಊಹೆ, ಆದರೆ ನನ್ನ ಮಕ್ಕಳನ್ನು ನೋಡಿ ಮಾಡಿದ ಊಹೆ.

1868ರ ಮಾರ್ಚ್‌ನಲ್ಲಿ ಮೂವರು ತರುಣರು ಕಲ್ಕತ್ತೆಯಿಂದ ಇಂಗ್ಲೆಂಡಿಗೆ ಹಡಗು ಹತ್ತಿದರು: ದತ್ತ, ಬಿಹಾರಿಲಾಲ್ ಗುಪ್ತ, ಸುರೇಂದ್ರನಾಥ ಬ್ಯಾನರ್ಜಿ. ಸುರೇಂದ್ರನಾಥರ ತಂದೆಗೆ ವಿಷಯ ಗೊತ್ತಿತ್ತು, ಉಳಿದಿಬ್ಬರು ಮನೆಯಲ್ಲಿ ಬಾಯಿ ಬಿಡದೆ ರಾತ್ರಿ ಹೊರಟವರು. ಸಮುದ್ರ ದಾಟಿದರೆ ಜಾತಿ ಹೋಗುತ್ತಿದ್ದ ಕಾಲ. 1869ರ ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ದತ್ತರಿಗೆ ಮೂರನೆಯ ಸ್ಥಾನ. ಅದಕ್ಕೆ ಮೊದಲು ಈ ಪರೀಕ್ಷೆ ಗೆದ್ದಿದ್ದ ಭಾರತೀಯ ಒಬ್ಬನೇ, 1863ರ ಸತ್ಯೇಂದ್ರನಾಥ ಠಾಕೂರ್.

ಈ ಮೂವರ ಕಥೆಯನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೇ ನನಗೆ ದತ್ತರ ಸ್ವಭಾವ ತಿಳಿಯಿತು. ಸುರೇಂದ್ರನಾಥರನ್ನು ಸಿಲ್ಹೆಟ್‌ನಲ್ಲಿ ಒಂದು ಮೊಕದ್ದಮೆಯ ದಾಖಲೆಯ ತಪ್ಪಿಗಾಗಿ 1874ರಲ್ಲಿ ಸೇವೆಯಿಂದ ವಜಾ ಮಾಡಿದರು. ತಿಂಗಳಿಗೆ 50 ರೂಪಾಯಿ ಅನುಕಂಪದ ಭತ್ಯೆ ಕೊಟ್ಟು ಕಳುಹಿಸಿದರು. ಅವರು ವೇದಿಕೆ ಏರಿದರು, ಪತ್ರಿಕೆ ನಡೆಸಿದರು, ದೇಶವೇ ತಿರುಗಿ ನೋಡುವಂತೆ ಮಾತನಾಡಿದರು. ಬಿಹಾರಿಲಾಲ್ ಗುಪ್ತರು ಸೇವೆಯೊಳಗೇ ಇದ್ದು 1882ರಲ್ಲಿ ಒಂದು ಟಿಪ್ಪಣಿ ಬರೆದರು. ಭಾರತೀಯ ಮ್ಯಾಜಿಸ್ಟ್ರೇಟನು ಯುರೋಪಿಯನ್ ಆರೋಪಿಯನ್ನು ವಿಚಾರಿಸುವಂತಿಲ್ಲ ಎಂಬ ನಿಯಮ ಏಕಿರಬೇಕು ಎಂದು ಕೇಳಿದ ಆ ಟಿಪ್ಪಣಿಯೇ ಮುಂದೆ ಆ ನಿಯಮವನ್ನು ತೆಗೆಯಲು ಹೊರಟ ಇಲ್ಬರ್ಟ್ ಮಸೂದೆಯ ಗಲಭೆಗೆ ನಾಂದಿಯಾಯಿತು. ಒಂದು ಕಡತದ ಟಿಪ್ಪಣಿಗೆ ಅಷ್ಟು ಬಲವಿರುತ್ತದೆ ಎಂದು ನಮ್ಮ ಇಲಾಖೆಯ ಹೊಸ ಹುಡುಗರಿಗೆ ಹೇಳಿದರೆ ನಗುತ್ತಾರೆ. ದತ್ತರು ಮೂರನೆಯ ದಾರಿ ಹಿಡಿದರು. ಒಳಗೇ ಉಳಿದರು, ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರು, ಲೆಕ್ಕ ಕೂಡಿಡುತ್ತ ಹೋದರು.

ಈಗ ಲೆಡ್ಜರಿನ ಎರಡು ಸಾಲುಗಳು. ನನ್ನ ಪಾಲಿಗೆ ಇಡೀ ಪುಸ್ತಕ ಹುಟ್ಟಿದ್ದು ಇಲ್ಲಿ.

1874. ಎಡಗಡೆ: ನಾಡಿಯಾ ಜಿಲ್ಲೆಯ ಮೆಹರ್‌ಪುರದಲ್ಲಿ ಕ್ಷಾಮ ಪರಿಹಾರ. ಬಲಗಡೆ: ಬಂಗಾಳದ ರೈತವರ್ಗದ ಬಗ್ಗೆ ಪುಸ್ತಕ. 26 ವರ್ಷದ ಅಸಿಸ್ಟೆಂಟ್ ಮ್ಯಾಜಿಸ್ಟ್ರೇಟನೊಬ್ಬ ಬೆಳಿಗ್ಗೆ ಅಕ್ಕಿ ಹಂಚುವ ಲೆಕ್ಕ ನೋಡಿ, ರಾತ್ರಿ ಜಮೀನ್ದಾರರ ಸುಲಿಗೆಯ ಬಗ್ಗೆ ಬರೆಯುತ್ತಿದ್ದಾನೆ. ಪತ್ರಿಕೆಯಲ್ಲಿ ಬರೆಯುವಾಗ ಇಟ್ಟುಕೊಂಡ ಹೆಸರು ‘ಆರ್‌ಸಿಡೇ’. ಆರ್, ಸಿ, ಡಿ ಎಂಬ ಮೂರು ಅಕ್ಷರವನ್ನು ಬಾಯಿಬಿಟ್ಟು ಓದಿದರೆ ಗುಟ್ಟು ರಟ್ಟಾಗುವಂಥ ಗುಪ್ತನಾಮ! ರೈತನ ಗೇಣಿಯನ್ನು ಖಾಯಂ ಮಾಡಿ, ಜಮೀನ್ದಾರ ಅದನ್ನು ಮನಬಂದಂತೆ ಏರಿಸದ ಹಾಗೆ ಕಟ್ಟುಹಾಕಿ ಎಂಬುದು ಪುಸ್ತಕದ ಒತ್ತಾಯ. ಮುಂದೆ 1885ರಲ್ಲಿ ಬಂದ ಬಂಗಾಳ ಗೇಣಿದಾರರ ಕಾಯಿದೆಯ ಚರ್ಚೆಯಲ್ಲೂ ಅವರ ಅಭಿಪ್ರಾಯ ಕಡತಕ್ಕೆ ಸೇರಿತು.

1876. ಎಡಗಡೆ: ಅಕ್ಟೋಬರ್ 31ರ ರಾತ್ರಿ ಬಾಕರ್‌ಗಂಜ್ ಕರಾವಳಿಗೆ ಚಂಡಮಾರುತ, ಸಮುದ್ರವೇ ಎದ್ದು ದ್ವೀಪಗಳ ಮೇಲೆ ಹರಿಯಿತು. ಮುಳುಗಿ ಸತ್ತವರು, ಆಮೇಲೆ ಕಾಲರಾದಿಂದ ಸತ್ತವರು ಸೇರಿ ಸುಮಾರು ಎರಡು ಲಕ್ಷ. ದತ್ತರನ್ನು ದಕ್ಷಿಣ ಶಾಹ್‌ಬಾಜ್‌ಪುರ ದ್ವೀಪಕ್ಕೆ ಪರಿಹಾರ ಕಾರ್ಯಕ್ಕೆ ಕಳುಹಿಸಿದರು.

ಇದನ್ನು ಬರೆದು ಪೆನ್ನು ಕೆಳಗಿಟ್ಟೆ. ಏಕೆಂದರೆ 1876 ಎಂದರೆ ನಮ್ಮ ಕಡೆ ಧಾತು ಸಂವತ್ಸರ. ಅದರ ಬೆನ್ನಿಗೆ ಈಶ್ವರ. ಧಾತು ಈಶ್ವರದ ಬರ ಎಂದರೆ ನಮ್ಮ ಅಜ್ಜಿ ಅನ್ನದ ಅಗುಳು ಚೆಲ್ಲಿದವರನ್ನು ಬೈಯುವಾಗ ಬಳಸುತ್ತಿದ್ದ ಮಾತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಗೆ 42 ಲಕ್ಷಕ್ಕೂ ಕೆಳಗಿಳಿದಿತ್ತು. ಬಳ್ಳಾರಿ ಸೀಮೆಯ ಪಾಡು ಇನ್ನೂ ಘೋರ. ಇಲ್ಲೊಂದು ಕೊಂಡಿ ಸಿಕ್ಕಿತು. 1874ರಲ್ಲಿ ಬಂಗಾಳ, ಬಿಹಾರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ, ಧಾರಾಳವಾಗಿ ಖರ್ಚು ಮಾಡಿ, ಸಾವನ್ನು ಬಹುಮಟ್ಟಿಗೆ ತಡೆದ ಅಧಿಕಾರಿ ಸರ್ ರಿಚರ್ಡ್ ಟೆಂಪಲ್. ಹಣ ಹಾಳು ಮಾಡಿದ ಎಂದು ಮೇಲಿನಿಂದ ಬೈಗುಳ ತಿಂದ. ಅದೇ ಟೆಂಪಲ್‌ನನ್ನು 1877ರ ಜನವರಿಯಲ್ಲಿ ಮದ್ರಾಸಿನ ಕಡೆಗೆ ಕಳುಹಿಸಿದಾಗ ಅವನು ಪಾಠ ಕಲಿತಿದ್ದ: ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಒಂದಾಣೆ ಎಂದು ಕೂಲಿ ಇಳಿಸಿದ. ಮಳೆ ಎರಡು ಕಡೆಯೂ ಕೈಕೊಟ್ಟಿತ್ತು. ಒಂದು ಕಡೆ ಜನ ಉಳಿದರು, ಇನ್ನೊಂದು ಕಡೆ ಉಳಿಯಲಿಲ್ಲ. ದತ್ತರು ಮೊದಲನೆಯದನ್ನು ಮೆಹರ್‌ಪುರದಲ್ಲಿ ನಿಂತು ಕಣ್ಣಾರೆ ಕಂಡಿದ್ದರು. ಮುಂದೆ ಅವರು ಮಳೆ ಇಲ್ಲದಿರುವುದು ಬೇರೆ, ಜನ ಸಾಯುವುದು ಬೇರೆ ಎಂದು ವಾದಿಸಿದ್ದರ ಬೇರು ಇಲ್ಲಿದೆ ಎಂದು ನಾನು ನಂಬಿದ್ದೇನೆ.

ಕನ್ನಡದಲ್ಲಿ ಇದನ್ನು ಹೇಳಲು ಹೊರಟಾಗ ಮಾತೇ ಕಾಲಿಗೆ ತೊಡರಿತು. ನಾವು ಎರಡಕ್ಕೂ ‘ಬರ’ ಎನ್ನುತ್ತೇವೆ. ಮಳೆ ಬಾರದಿದ್ದರೂ ಬರ, ಹೊಟ್ಟೆಗಿಲ್ಲದಿದ್ದರೂ ಬರ. ದತ್ತರ ವಾದವೆಲ್ಲ ನಿಂತಿರುವುದು ಆ ಎರಡನ್ನು ಬಿಡಿಸುವುದರ ಮೇಲೆ. ಕೊನೆಗೆ ಮಳೆಯದಕ್ಕೆ ಬರ, ಹೊಟ್ಟೆಯದಕ್ಕೆ ಕ್ಷಾಮ ಎಂದು ಗೆರೆ ಎಳೆದುಕೊಂಡು ಅರವತ್ತು ಪುಟವೂ ಅದನ್ನೇ ಪಾಲಿಸಿದೆ. ಅದಕ್ಕಿಂತ ದೊಡ್ಡ ಪೇಚು ‘ಸೆಟಲ್‌ಮೆಂಟ್’ ಎಂಬ ಪದದ್ದು. ನಿಘಂಟು ನೋಡಿ ಮೊದಲ ಕರಡಿನಲ್ಲಿ ‘ಶಾಶ್ವತ ವಸಾಹತು’ ಎಂದು ಬರೆದಿದ್ದೆ. ಬಂಗಾಳದಲ್ಲಿ ಯಾರೋ ಗುಡಿಸಲು ಹಾಕಿಕೊಂಡು ನೆಲೆಸಿದ ಹಾಗೆ! 34 ವರ್ಷ ಜಮಾಬಂದಿ (ಕಂದಾಯ ನಿಗದಿ) ಮಾಡಿದವನಿಗೆ ಜಮಾಬಂದಿ ಎಂಬ ಪದ ಹೊಳೆಯಲಿಲ್ಲ. ಆಮೇಲೆ ಒಂದು ನಿಯಮ ಮಾಡಿಕೊಂಡೆ: ಇಂಗ್ಲಿಷಿನ ಪದ ಬಂದರೆ ನಿಘಂಟಿಗೆ ಮೊದಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮನ್ನು ನೆನೆಸಿಕೊಳ್ಳುವುದು. ಆಕಾರ, ತರಿ, ಖುಷ್ಕಿ, ಬಾಗಾಯ್ತು, ತಗಾವಿ, ಮಾಫಿ, ಬಾಕಿ. ದತ್ತರ ಅರ್ಧ ಶಬ್ದಭಂಡಾರ ಅಲ್ಲೇ ಧೂಳು ಹೊದ್ದು ಮಲಗಿತ್ತು.

ಹುದ್ದೆಗಳ ವಿವರವನ್ನು ಬೇಗ ಮುಗಿಸುತ್ತೇನೆ. 1883ರಲ್ಲಿ, ಇಲ್ಬರ್ಟ್ ಮಸೂದೆಯ ವಿರುದ್ಧ ಯುರೋಪಿಯನ್ನರು ಕೂಗಾಡುತ್ತಿದ್ದ ಹೊತ್ತಿನಲ್ಲೇ, ಬಾಕರ್‌ಗಂಜ್ ಜಿಲ್ಲೆಯ ಆಡಳಿತ ಅವರ ಕೈಗೆ ಬಂತು. ಒಂದು ಜಿಲ್ಲೆಯ ಹೊಣೆ ಸಿವಿಲ್ ಸರ್ವಿಸಿನ ಭಾರತೀಯ ಅಧಿಕಾರಿಗೆ ಸಿಕ್ಕಿದ್ದು ಅದೇ ಮೊದಲು. ಆಮೇಲೆ ಮೈಮನ್‌ಸಿಂಗ್. 1894ರಲ್ಲಿ ಬರ್ದ್ವಾನ್ ವಿಭಾಗದ ಹಂಗಾಮಿ ಕಮಿಷನರ್, 1895ರಲ್ಲಿ ಒಡಿಶಾದ ಕಮಿಷನರ್. ಅದರ ಮೇಲಿನ ಮೆಟ್ಟಿಲು ಕರಿಯರಿಗೆ ಇರಲಿಲ್ಲ.

ಬಲ ಅಂಕಣ ಮಾತ್ರ ಮುಗಿಯುವುದೇ ಇಲ್ಲ. ಬಂಕಿಮಚಂದ್ರರು (ಅವರೂ ಡೆಪ್ಯುಟಿ ಕಲೆಕ್ಟರೇ, ನಮ್ಮ ಕುಲಬಾಂಧವರು) ಬಂಗಾಳಿಯಲ್ಲಿ ಬರೆ ಎಂದು ಹುರಿದುಂಬಿಸಿದ ಮೇಲೆ ಆರು ಕಾದಂಬರಿ. ರಜೆಯಲ್ಲಿ ಕುಳಿತು ಋಗ್ವೇದದ ಬಂಗಾಳಿ ಅನುವಾದ. ಕಾಯಸ್ಥನಿಗೆ ವೇದ ಏಕೆ ಎಂದು ಪಂಡಿತರು ಸಿಟ್ಟಾದಾಗ ಬೆನ್ನಿಗೆ ನಿಂತವರು ಈಶ್ವರಚಂದ್ರ ವಿದ್ಯಾಸಾಗರರು. ನಿವೃತ್ತಿಯ ನಂತರ ರಾಮಾಯಣ, ಮಹಾಭಾರತಗಳನ್ನು ಇಂಗ್ಲಿಷ್ ಪದ್ಯದಲ್ಲಿ ಸಂಗ್ರಹಿಸಿದರು. ಇವರಿಗೆ ದಿನಕ್ಕೆ ಎಷ್ಟು ಗಂಟೆ ಇತ್ತೋ! ನಾನು ಕ್ಯಾಂಪ್ ಮುಗಿಸಿ ಬಂದರೆ ಬೂಟಿನ ದಾರ ಬಿಚ್ಚುವುದಕ್ಕೂ ಶಕ್ತಿ ಇರುತ್ತಿರಲಿಲ್ಲ.

ನಿವೃತ್ತಿಯ ಬಳಿಕ ಲಂಡನ್ನಿಗೆ ಹೋಗಿ ಯೂನಿವರ್ಸಿಟಿ ಕಾಲೇಜಿನಲ್ಲಿ ಭಾರತದ ಇತಿಹಾಸದ ಉಪನ್ಯಾಸಕರಾದರು. 1899ರ ಡಿಸೆಂಬರ್‌ನಲ್ಲಿ ಲಖನೌ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ. 1900ರಲ್ಲಿ ಕರ್ಜನ್‌ಗೆ ಬಹಿರಂಗ ಪತ್ರಗಳು. ಮಧ್ಯಪ್ರಾಂತ, ಮದ್ರಾಸ್, ಮುಂಬಯಿ, ಬಂಗಾಳ, ಉತ್ತರ ಭಾರತ ಎಂದು ಒಂದೊಂದು ಪ್ರಾಂತದ ಕಂದಾಯದ ಮೇಲೆ. ನಾನು ಬೆಂಕಿ ಕಾರುವ ಬರೆಹ ನಿರೀಕ್ಷಿಸಿದ್ದೆ. ಸಿಕ್ಕಿದ್ದು ಬೇರೆ: ಮೇಲಧಿಕಾರಿಗೆ ಸಲ್ಲಿಸುವ ವರದಿಯ ಧಾಟಿ. ಗೌರವದ ಸಂಬೋಧನೆ, ಹಳೆಯ ಆದೇಶಗಳ ಉಲ್ಲೇಖ, ಅಂಕಿ, ಮತ್ತೆ ಅಂಕಿ, ಕೊನೆಗೆ ಪ್ರಸ್ತಾವ. ‘ತಮ್ಮ ಅವಗಾಹನೆಗೆ ಸಲ್ಲಿಸಿದೆ’ ಎಂಬ ಸಾಲೊಂದು ಇಲ್ಲ, ಅಷ್ಟೇ. ಹೊರಗೆ ಬಂದ ಮೇಲೂ ಅವರ ಮೈಯಿಂದ ಕಡತದ ವಾಸನೆ ಹೋಗಿರಲಿಲ್ಲ. ಅವರ ಬಗ್ಗೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲಿ.

ಅದೇ ವರ್ಷದ ಡಿಸೆಂಬರ್‌ನಲ್ಲಿ ದತ್ತರು ಮತ್ತು ಇನ್ನು ಹಲವು ನಿವೃತ್ತ ಅಧಿಕಾರಿಗಳು ಒಂದು ಮನವಿ ಸಲ್ಲಿಸಿದರು. ಸಹಿ ಹಾಕಿದವರಲ್ಲಿ ಮದ್ರಾಸಿನಲ್ಲಿ ಕಂದಾಯ ಜಮಾಬಂದಿಯ ನಿರ್ದೇಶಕನಾಗಿದ್ದ ಪಕಲ್, ತಂಜಾವೂರಿನ ಕಲೆಕ್ಟರಾಗಿದ್ದ ಪೆನ್ನಿಂಗ್‌ಟನ್ ಅವರಂಥ ಆಂಗ್ಲರೂ ಇದ್ದರು. ಬೇಡಿಕೆ ಚಿಕ್ಕದು. ರೈತನೇ ನೇರವಾಗಿ ಕಂದಾಯ ಕಟ್ಟುವ ಕಡೆ ಸಾಗುವಳಿ ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು. ಆ ಅರ್ಧವೂ ಒಟ್ಟು ಹುಟ್ಟುವಳಿಯ ಐದನೆಯ ಒಂದು ಪಾಲನ್ನು ಮೀರಬಾರದು. ಜಮಾಬಂದಿ ಒಮ್ಮೆ ಮಾಡಿದರೆ ಮೂವತ್ತು ವರ್ಷ ಮುಟ್ಟಬಾರದು.

ಅರ್ಧ ನಿವ್ವಳ ಎಂದು ಹೇಳಿದ ಮೇಲೆ ಐದನೆಯ ಒಂದು ಎಂಬ ಎರಡನೆಯ ಬೀಗ ಏಕೆ? ಈ ಪ್ರಶ್ನೆ ನನ್ನನ್ನು ನಾಲ್ಕು ದಿನ ಕಾಡಿತು. ಕೊನೆಗೆ ಲೆಡ್ಜರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಒಂದು ಹೊಲದಲ್ಲಿ ನೂರು ರೂಪಾಯಿಯ ಬೆಳೆ, ಸಾಗುವಳಿ ಖರ್ಚು ಅರವತ್ತು. ಉಳಿದದ್ದು ನಲವತ್ತು, ಅದರ ಅರ್ಧ ಇಪ್ಪತ್ತು. ನೂರರ ಐದನೆಯ ಒಂದೂ ಇಪ್ಪತ್ತೇ. ಎರಡೂ ಕೂಡಿ ಬಂದವು. ಈಗ ಅಧಿಕಾರಿ ಖರ್ಚನ್ನು ಕಡಿಮೆ ತೋರಿಸಿ ನಲವತ್ತು ಎಂದು ಬರೆದ ಎನ್ನಿ. ಉಳಿಕೆ ಅರವತ್ತು, ಅರ್ಧ ಮೂವತ್ತು. ರೈತನಿಗೆ ಹತ್ತು ರೂಪಾಯಿ ಬಿತ್ತು. ಆದರೆ ಎರಡನೆಯ ಬೀಗ ಇದ್ದರೆ ಕೈ ಇಪ್ಪತ್ತಕ್ಕೇ ನಿಲ್ಲುತ್ತದೆ. ಸಾಗುವಳಿ ಖರ್ಚನ್ನು ಕಾಗದದ ಮೇಲೆ ಹೇಗೆ ಬೇಕಾದರೂ ಬಗ್ಗಿಸಬಹುದು ಎಂದು ಗೊತ್ತಿದ್ದವರು ಮಾತ್ರ ಹಾಕಬಲ್ಲ ಬೀಗ ಇದು. ಒಳಗಿದ್ದವರ ಬುದ್ಧಿ. ಪುಸ್ತಕ ಓದಿ ಬರುವುದಲ್ಲ.

1902ರ ಜನವರಿ 16ರಂದು ಕರ್ಜನ್ ಸರ್ಕಾರದ ಉತ್ತರ ಬಂತು. ಪ್ರಾಂತಗಳಿಂದೆಲ್ಲ ವರದಿ ತರಿಸಿ ಬರೆದ ದೀರ್ಘ ನಿರ್ಣಯ. ಕ್ಷಾಮಕ್ಕೆ ಕಾರಣ ಮಳೆಯ ಅಭಾವ, ಕಂದಾಯವಲ್ಲ ಎಂದಿತು. ಮೇಲಾಗಿ ಐದನೆಯ ಒಂದು ಪಾಲನ್ನು ನಿಯಮ ಮಾಡಿದರೆ ಈಗ ಇರುವುದಕ್ಕಿಂತ ಕಂದಾಯ ಹೆಚ್ಚಾಗುತ್ತದೆ ಎಂದು ತಿರುಗುಬಾಣ ಬಿಟ್ಟಿತು. ಓದಿದಾಗ ನಾನು ದತ್ತರು ಸೋತರು ಎಂದೇ ಅಂದುಕೊಂಡೆ. ಅವರ ಮರುಮಾತು: ನಾವು ಕೇಳಿದ್ದು ಗರಿಷ್ಠ ಮಿತಿ, ನೀವು ಹೇಳುತ್ತಿರುವುದು ಸರಾಸರಿ. ಸರಾಸರಿ ಕಡಿಮೆ ಇದೆ ಎಂದರೆ ಯಾರಿಂದಲೂ ಹೆಚ್ಚು ಕಿತ್ತುಕೊಂಡಿಲ್ಲ ಎಂದು ಆಗುವುದಿಲ್ಲ. ಆದರೂ ಕರ್ಜನ್ನನ ನಿರ್ಣಯ ಪೂರ್ತಿ ಜಳ್ಳಲ್ಲ. ದೊಡ್ಡ ಏರಿಕೆಯನ್ನು ಹಂತಹಂತವಾಗಿ ಜಾರಿ ಮಾಡಬೇಕು, ವಸೂಲಿಯಲ್ಲಿ ಬಿಗುವು ಸಡಿಲಿಸಬೇಕು, ಒಂದು ಪ್ರದೇಶ ಕೆಟ್ಟುಹೋದರೆ ಕಂದಾಯ ಇಳಿಸಬೇಕು ಎಂದು ಒಪ್ಪಿತು. ವಸೂಲಿಗೆ ಹೋದವನಿಗೆ ಗೊತ್ತು, ರೈತನ ಬಾಗಿಲಲ್ಲಿ ಇಂಥ ಸಣ್ಣ ಸಡಿಲಿಕೆಗೇ ಬೆಲೆ.

ಸರಾಸರಿಯ ಮಾತು ಬಂದದ್ದರಿಂದ ನನ್ನದೊಂದನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಏಳನೆಯ ವರ್ಷ ಮಳೆ ಇರಲಿಲ್ಲ. ಬಯಲುಸೀಮೆಯ ಒಂದು ಹೋಬಳಿಯಲ್ಲಿ ಜೋಳದ ತೆನೆ ಬೆರಳುದ್ದವೂ ಬಂದಿರಲಿಲ್ಲ. ಹಿಡಿದರೆ ಕಾಳಿಗಿಂತ ಹೊಟ್ಟೇ ಹೆಚ್ಚು ಉದುರುತ್ತಿತ್ತು. ಆಣೆವಾರಿ (ಬೆಳೆ ಎಷ್ಟು ಬಂದಿದೆ ಎಂದು ಆಣೆಯ ಲೆಕ್ಕದಲ್ಲಿ ಮಾಡುವ ಅಂದಾಜು) ನಾಲ್ಕಾಣೆ ಎಂದು ಬರೆದುಕೊಂಡು ಹೋದೆ. ಪಕ್ಕದ ಹೋಬಳಿಯವರು ಒಂಬತ್ತು ಬರೆದಿದ್ದಾರೆ, ಇದು ತಾಳೆಯಾಗುವುದಿಲ್ಲ, ಏಳು ಮಾಡಿ ತನ್ನಿ ಎಂದರು. ಯಾರು, ಎಲ್ಲಿ ಎಂಬುದು ಬೇಡ. ನಾನು ಏಳು ಮಾಡಿ ತಂದೆ. ಸಹಿ ನನ್ನದೇ. ದತ್ತರ ಬಹಿರಂಗ ಪತ್ರಗಳನ್ನು ಓದುವಾಗೆಲ್ಲ ಆ ಏಳು ಎಂಬ ಅಂಕಿ ಹಾಳೆಯ ಅಂಚಿನಲ್ಲಿ ಕುಳಿತಿರುತ್ತಿತ್ತು. ಅವರ ಸೇವಾವಧಿಯ 26 ವರ್ಷದಲ್ಲಿ ಇಂಥ ಸಹಿ ಒಂದಾದರೂ ಇರಲಿಲ್ಲವೇ? ಅಳಿಯನ ಪುಸ್ತಕದಲ್ಲಿ ಅದಕ್ಕೆ ಉತ್ತರ ಸಿಗಲಾರದು.

ಅವರ ಎರಡು ಸಂಪುಟದ ಭಾರತದ ಆರ್ಥಿಕ ಇತಿಹಾಸ 1902ರಲ್ಲಿ ಮತ್ತು 1904ರಲ್ಲಿ ಬಂತು. ಸ್ಕ್ಯಾನ್ ಪ್ರತಿಯನ್ನು ಮುದ್ರಿಸಿ ಬೈಂಡ್ ಹಾಕಿಸಿದೆ. ಮೊದಲ ಸಂಪುಟದಲ್ಲಿ ನಮ್ಮ ಊರುಗಳೇ ಎದುರಾದಾಗ ಆದ ಸಂತೋಷ ಹೇಳತೀರದು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸದಿಂದ ದತ್ತರು ಬೆಳೆ, ಕೂಲಿ, ನೇಯ್ಗೆಯ ವಿವರಗಳನ್ನು ಹೆಕ್ಕಿದ್ದಾರೆ. ಆಮೇಲೆ ಥಾಮಸ್ ಮನ್ರೋ. ಮಂತ್ರಾಲಯದ ರಾಯರ ಕಥೆಯಲ್ಲಿ ಬೂಟು ಬಿಚ್ಚಿ ಒಳಗೆ ಹೋಗುವ ಅದೇ ಮನ್ರೋ. ಅವನು ಮೊದಲು ಕೆನರಾದಲ್ಲಿದ್ದ. ವಿಜಯನಗರದ ಕಾಲದ ‘ರೇಖೆ’ ಎಂಬ ಮೂಲ ಕಂದಾಯ, ಅದರ ಮೇಲೆ ಆಮೇಲಿನವರು ಪೇರಿಸಿದ ‘ಶಾಮಿಲ್’ ಎಂಬ ಹೆಚ್ಚುವರಿ ಎಲ್ಲವನ್ನೂ ಕೆದಕಿ, ಇಲ್ಲಿ ಜಮೀನು ರೈತನ ಸ್ವಂತ ಆಸ್ತಿ ಎಂದು ವರದಿ ಮಾಡಿದ. ಅನಂತರ ಬಳ್ಳಾರಿ, ಕಡಪಾ ಸೇರಿದ ಪ್ರದೇಶಕ್ಕೆ ಬಂದ. ನಿಜಾಮ ಕಂಪನಿಗೆ ಬಿಟ್ಟುಕೊಟ್ಟದ್ದರಿಂದ ಅದಕ್ಕೆ ದತ್ತ ಮಂಡಲ ಎಂದೇ ಹೆಸರು. ಸಭೆಯಲ್ಲಿ ಒಬ್ಬರು ‘ದತ್ತರ ಹೆಸರಿನಲ್ಲಿ ಮಂಡಲವೂ ಇತ್ತೇ’ ಎಂದು ಕೇಳಿದ್ದರು, ನಗು ತಡೆದುಕೊಳ್ಳಬೇಕಾಯಿತು.

ದತ್ತ ಮಂಡಲದ ಕಂದಾಯವನ್ನು ಹುಟ್ಟುವಳಿಯ ನೂರಕ್ಕೆ 45ರಷ್ಟಾಗುವಂತೆ ನಿಗದಿ ಮಾಡಿದ ಮನ್ರೋನೇ 1807ರಲ್ಲಿ ಇದು ಹೊರಲಾರದ ಹೊರೆ, ಕಾಲುಭಾಗ ಇಳಿಸಿ, ಮೂರನೆಯ ಒಂದು ಪಾಲಿಗೆ ತನ್ನಿ ಎಂದು ಬರೆದ. ಆಗ ಕೇಳಲಿಲ್ಲ. 1820ರಲ್ಲಿ ಅವನೇ ಮದ್ರಾಸಿನ ಗವರ್ನರಾಗಿ ಬಂದ ಮೇಲೆ ಜಾರಿಯಾಯಿತು. ಈ ಪುಟಗಳಲ್ಲಿ ದತ್ತರ ದನಿ ಬದಲಾಗುತ್ತದೆ. ಆಳುವವರ ಜನಾಂಗದ ಮನುಷ್ಯನ ಬಗ್ಗೆ ಅಷ್ಟು ಗೌರವ! ತಾನು ಮಾಡಿದ ಲೆಕ್ಕವನ್ನು ತಾನೇ ತಪ್ಪು ಎಂದು ಬರೆದ ಅಧಿಕಾರಿಯಲ್ಲಿ ದತ್ತರಿಗೆ ತಮ್ಮ ಮಾದರಿ ಕಂಡಿರಬೇಕು. ಹಾಗೆಂದು ಮನ್ರೋನ ರೈತವಾರಿಯನ್ನು (ಸರ್ಕಾರ ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ಪದ್ಧತಿ) ಅವರು ಒಪ್ಪಲಿಲ್ಲ. ಅವರ ಮನಸ್ಸು ಬಂಗಾಳದಲ್ಲಿ ಜಮೀನ್ದಾರರ ಜೊತೆ ಮಾಡಿಕೊಂಡ ಖಾಯಂ ಜಮಾಬಂದಿಯಲ್ಲೇ ಇತ್ತು. ಸರ್ಕಾರದ ಪಾಲು ಶಾಶ್ವತವಾಗಿ ನಿಗದಿಯಾದದ್ದರಿಂದಲೇ ಬಂಗಾಳದಲ್ಲಿ ಹಣ ಉಳಿಯಿತು, ಕ್ಷಾಮದ ಹೊಡೆತ ತಗ್ಗಿತು ಎಂದು ಕೊನೆಯವರೆಗೂ ವಾದಿಸಿದರು.

ಇಲ್ಲಿ ನಾನು ಅವರ ಜೊತೆ ಇಲ್ಲ. 26ರ ವಯಸ್ಸಿನಲ್ಲಿ ಜಮೀನ್ದಾರನ ಸುಲಿಗೆಯ ಬಗ್ಗೆ ಬರೆದವರು 52ರ ವಯಸ್ಸಿನಲ್ಲಿ ಜಮೀನ್ದಾರಿಯ ಬುಡಕ್ಕೆ ನೀರೆರೆಯುತ್ತಾರೆ. ಗೇಣಿದಾರರ ಕಾಯಿದೆ ಬಂದದ್ದರಿಂದ ರೈತನಿಗೂ ರಕ್ಷಣೆ ಸಿಕ್ಕಿತು ಎಂಬುದು ಅವರ ಸಮರ್ಥನೆ. ಕಾಗದದ ಮೇಲಿನ ರಕ್ಷಣೆ ಹೊಲದವರೆಗೆ ಎಷ್ಟು ತಲುಪುತ್ತದೆ ಎಂದು ನಮ್ಮಲ್ಲಿ ಭೂಸುಧಾರಣೆಯ ಘೋಷಣಾ ಅರ್ಜಿಗಳನ್ನು ಹೊತ್ತು ತಿರುಗಿದವರಿಗೆ ಗೊತ್ತು. ಈ ಭಿನ್ನಾಭಿಪ್ರಾಯವನ್ನು ಪುಸ್ತಕದಲ್ಲಿ ಅಡಗಿಸಲಿಲ್ಲ, ಒಂದು ಪೂರ್ತಿ ಅಧ್ಯಾಯವೇ ಇದೆ. ಅವರು ಸಾಮ್ರಾಜ್ಯ ಹೋಗಲಿ ಎಂದೂ ಹೇಳಲಿಲ್ಲ. ಭಾರತೀಯರಿಗೆ ಶಾಸನಸಭೆಯಲ್ಲಿ, ಕಾರ್ಯಾಂಗದಲ್ಲಿ ಜಾಗ ಕೊಡಿ, ಒಬ್ಬನೇ ಅಧಿಕಾರಿ ಆರೋಪವನ್ನೂ ಹೊರಿಸಿ ತೀರ್ಪನ್ನೂ ಕೊಡುವ ಪದ್ಧತಿ ಬಿಡಿ, ಇಂಗ್ಲೆಂಡಿಗೆ ಹರಿಯುವ ಹಣ ತಗ್ಗಿಸಿ. ಇಷ್ಟೇ. ಕಾಳಿದಾಸನ ರಘುವಂಶದಲ್ಲಿ ಸೂರ್ಯ ನೀರು ಹೀರುವುದು ಸಾವಿರಪಟ್ಟು ಮಳೆಯಾಗಿ ಹಿಂದಿರುಗಿಸಲು, ರಾಜ ಕರ ಪಡೆಯುವುದೂ ಹಾಗೆ ಎಂಬ ಮಾತಿದೆಯಲ್ಲ, ದತ್ತರು ಅದನ್ನೇ ತಮ್ಮ ಮುನ್ನುಡಿಗೆ ತಂದು, ನಮ್ಮ ನೆಲದಿಂದ ಎದ್ದ ನೀರು ಬೇರೆ ನಾಡಿನ ಮೇಲೆ ಮಳೆಯಾಗುತ್ತಿದೆ ಎಂದರು. ಭಾರತದ ನಿವ್ವಳ ಆದಾಯ 4 ಕೋಟಿ 40 ಲಕ್ಷ ಪೌಂಡ್, ಅದರಲ್ಲಿ ಅರ್ಧ ಪ್ರತಿವರ್ಷ ಹೊರಗೆ ಹೋಗುತ್ತಿದೆ ಎಂಬುದು ಅವರ ಲೆಕ್ಕ.

1904ರಿಂದ ಬರೋಡದಲ್ಲಿ ಸಯಾಜಿರಾವ್ ಗಾಯಕವಾಡರ ಕಂದಾಯ ಮಂತ್ರಿ, 1907ರಲ್ಲಿ ವಿಕೇಂದ್ರೀಕರಣ ಆಯೋಗದ ಸದಸ್ಯ, 1909ರಲ್ಲಿ ಬರೋಡದ ದಿವಾನ. ಅದೇ ವರ್ಷ ನವೆಂಬರ್ 30ರಂದು ಅಲ್ಲಿಯೇ ತೀರಿಕೊಂಡರು. ಕೊನೆಯುಸಿರಿನವರೆಗೂ ನೌಕರಿ.

ಸಭೆಯಲ್ಲಿ ಒಂದು ಗಂಟೆ ಓದಿದೆ. ಎಲ್ಲ ಮುಗಿದು ಚಹಾ ಬಂದಾಗ ಖಜಾನೆಯಲ್ಲಿ ಮುಖ್ಯ ಲೆಕ್ಕಿಗರಾಗಿದ್ದ ಹಿರಿಯರೊಬ್ಬರು ಬಿಸ್ಕತ್ತನ್ನು ಅದ್ದುತ್ತ ಕೇಳಿದರು: “ಎಲ್ಲ ಸರಿ ಶಿರಸ್ತೇದಾರರೇ, ಇವರ ಪಿಂಚಣಿ ಯಾವ ಖಜಾನೆಯಿಂದ ಪಾವತಿಯಾಗುತ್ತಿತ್ತು?”

ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಮನೆಗೆ ಬಂದು ಹುಡುಕಿದೆ. ಆ ಕಾಲದ ಸಿವಿಲ್ ಸರ್ವಿಸಿನವರಿಗೆ 25 ವರ್ಷ ತುಂಬಿದರೆ ವರ್ಷಕ್ಕೆ 1000 ಪೌಂಡ್ ವರ್ಷಾಶನ. ಲಂಡನ್ನಿನಲ್ಲಿ ನೆಲೆಸಿದವರಿಗೆ ಅಲ್ಲಿಯೇ, ಪೌಂಡಿನಲ್ಲೇ, ಭಾರತದ ಕಂದಾಯದಿಂದ. ದತ್ತರು ಸೋರಿಕೆ ಎಂದು ಎಣಿಸಿದ ‘ಹೋಮ್ ಚಾರ್ಜಸ್’ ಎಂಬ ಬಾಬಿನಲ್ಲಿ ಸಾಲದ ಬಡ್ಡಿ, ರೈಲ್ವೆ, ಇಂಡಿಯಾ ಕಚೇರಿಯ ಖರ್ಚಿನ ಜೊತೆ ಪಿಂಚಣಿಯೂ ಒಂದು ಕಲಮು. ಲೆಡ್ಜರ್ ತೆರೆದು ಎಡ ಅಂಕಣದಲ್ಲಿ 1897ರ ಎದುರು ‘ಪಿಂಚಣಿ, ಲಂಡನ್’ ಎಂದು ಸೇರಿಸಿದೆ. ಬಲ ಅಂಕಣದಲ್ಲಿ ಎರಡು ಹಾಳೆ ಮುಂದೆ, 1902ರ ಸಾಲಿನಲ್ಲಿ, ಹೋಮ್ ಚಾರ್ಜಸ್ ಎಂದು ನಾನೇ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಹಾಳೆಗಳ ಅಂಚಿನ ಮೇಲೆ ಅಲ್ಲಿಯವರೆಗೂ ಒಂದು ಬಾಣದ ಗೆರೆ ಎಳೆದೆ.